ಅಣ್ಣ ಕೆತ್ತಿದ ಮರ, ತಮ್ಮ ತುಂಬಿದ ಗಾಳಿ

“ಸುಳ್ಳು ಹೇಳೋರನ್ನ ನೀವು ಹಿಡೀತೀರಂತೆ. ನಿಜ ಹೇಳೋರನ್ನ ಹಿಡಿಯೋಕೆ ಬರುತ್ತಾ?”

ಬಾಗಿಲಲ್ಲಿ ನಿಂತೇ ಆ ಹೆಣ್ಣುಮಗಳು ಕೇಳಿದಳು. ಉದ್ದನೆಯ ಕಪ್ಪು ಪೆಟ್ಟಿಗೆಯೊಂದನ್ನು ಎಳೆಗೂಸಿನ ಹಾಗೆ ಎದೆಗವಚಿಕೊಂಡಿದ್ದಳು. ಹುರುಳಿಕಾಯಿಯ ನಾರು ಬಿಡಿಸುತ್ತಿದ್ದ ನಮ್ಮ ಅತ್ತಿಗೆ ತಲೆ ಎತ್ತಿ, “ಅದು ಸ್ವಲ್ಪ ಕಷ್ಟ. ನಿಜ ಹೇಳೋರು ಓಡಿಹೋಗಲ್ಲವಲ್ಲ, ಹಿಡಿಯೋದು ಹೇಗೆ? ಬಾಮ್ಮ, ಕೂತ್ಕೋ” ಎಂದರು.

ಅತ್ತಿಗೆ ಪೊಲೀಸ್ ಇಲಾಖೆಯಲ್ಲಿ ತನಿಖೆ ಮಾಡುತ್ತಾ ತಲೆ ನರೆಸಿಕೊಂಡವರು. ನಿವೃತ್ತರಾದ ಮೇಲೂ ಜನ ಹುಡುಕಿಕೊಂಡು ಬರುವುದು ನಿಲ್ಲಲಿಲ್ಲ. ನನ್ನಣ್ಣ ತೀರಿಕೊಂಡ ಮೇಲೆ ಅವರ ಕಾರು ಓಡಿಸುವುದು, ಚೀಲ ಹಿಡಿಯುವುದು, ನಡೆದದ್ದನ್ನು ಆಮೇಲೆ ಬರೆಯುವುದು ಮೈದುನನಾದ ನನ್ನ ಪಾಲಿಗೆ ಬಂದಿತ್ತು. ನಾನು ಬರೆದವುಗಳಲ್ಲಿ ನೆನೆದಾಗಲೆಲ್ಲ ಮನಸ್ಸು ಭಾರವಾಗುವ ಕತೆ ಇದು.

ಅವಳ ಮನೆಯವರು ಏರ್ ರೈಫಲ್ ಕಟ್ಟುವವರು. ಬೇಟೆಯದಲ್ಲ, ಬೆಂಚ್‌ರೆಸ್ಟ್ ಪಂದ್ಯದ್ದು. ರೈಫಲ್ಲನ್ನು ಮೇಜಿನ ಮೇಲೆ ಮರಳುಚೀಲಕ್ಕೆ ಒರಗಿಸಿ, ಕುರ್ಚಿಯಲ್ಲಿ ಕುಳಿತು, ದೂರದ ಕಾಗದದ ಚುಕ್ಕಿಗೆ ಗುರಿಯಿಡುವ ಆಟ. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಆಡುವವರು ಉಸಿರನ್ನೂ ಅಳೆದು ಬಿಡುತ್ತಾರೆ. ಅವಳ ಅಪ್ಪ ಅಕ್ರೋಟು ಮರದಲ್ಲಿ ರೈಫಲ್ಲಿನ ಮೈ ಕೆತ್ತುತ್ತಾರೆ. ಅದಕ್ಕೆ ಸ್ಟಾಕ್ ಅನ್ನುತ್ತಾರೆ. ಅವಳ ಚಿಕ್ಕಪ್ಪ ಒಳಗಿನ ಗಾಳಿಯ ಒತ್ತಡ, ಸ್ಪ್ರಿಂಗು, ಗುಂಡಿನ ವೇಗ ಹದ ಮಾಡುತ್ತಾರೆ. ಆ ಬೀದಿಯಲ್ಲಿ ಅವರ ಹೆಸರೇ ಮರದಣ್ಣ, ಗಾಳಿಯಣ್ಣ.

“ಅಪ್ಪ ನನಗೇ ಅಂತ ಹೊಸ ಸ್ಟಾಕ್ ಕೆತ್ತಿದ್ರು. ತಂಡದ ಆಯ್ಕೆ ಪಂದ್ಯದ ಹಿಂದಿನ ಸಂಜೆ ಚಿಕ್ಕಪ್ಪ ನನ್ನೆದುರೇ ಹದ ಮಾಡಿ ಕೊಟ್ರು. ಐದು ಗುಂಡು, ಒಂದೇ ತೂತು! ಕಾರ್ಯಾಗಾರದ ಬೀರುವಿನಲ್ಲಿಟ್ಟು ಬೀಗ ಹಾಕಿದ್ರು. ಬೆಳಿಗ್ಗೆ ಪಂದ್ಯದಲ್ಲಿ ಒಂದು ಗುಂಡು ಮೇಲೆ, ಇನ್ನೊಂದು ಪಕ್ಕಕ್ಕೆ. ನಾನು ಸೋತೆ. ಗೆದ್ದಿದ್ದು ನಮ್ಮೂರಿನ ಡಾಕ್ಟರೊಬ್ಬರು. ಅವರ ರೈಫಲ್ಲನ್ನೂ ಹದ ಮಾಡಿದ್ದು ನಮ್ಮ ಚಿಕ್ಕಪ್ಪನೇ.”

“ಓ!” ಎಂದೆ ನಾನು.

“ಎಲ್ಲರೂ ಹೀಗೇ ‘ಓ’ ಅಂದ್ರು. ಅಪ್ಪ ಮೈದಾನದಲ್ಲಿ ಎಲ್ಲರ ಮುಂದೆ, ‘ಗಾಳಿ ಯಾರ ಕೈಲಿತ್ತೋ ಅವರನ್ನೇ ಕೇಳಿ’ ಅಂದುಬಿಟ್ರು. ಅವತ್ತಿಂದ ಅಣ್ಣತಮ್ಮ ಮಾತಿಲ್ಲ. ಚಿಕ್ಕಪ್ಪ ಭಾನುವಾರ ಮನೆ ಬಿಟ್ಟು ಹೊರಡ್ತಾರೆ. ನನಗೆ ಗುರಿ ಹಿಡಿಯೋದು ಕಲಿಸಿದವರು ಅವರು. ಅವರೇ ಮಾಡಿದ್ರೆ ಹೋಗಲಿ. ಮಾಡದೇ ಇದ್ರೆ?” ಅವಳು ಪೆಟ್ಟಿಗೆಯನ್ನು ನೆಲಕ್ಕಿಳಿಸಿದಳು. “ರೈಫಲ್ಲನ್ನ ಅವತ್ತಿಂದ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ.”

“ಬೀಗದ ಕೈ?” ಅತ್ತಿಗೆ ಕೇಳಿದರು.

“ಒಂದು ಚಿಕ್ಕಪ್ಪನ ಹತ್ರ. ಇನ್ನೊಂದು ಹಾಲ್‌ನಲ್ಲಿ ದೇವರ ಪಟದ ಹಿಂದೆ. ಮನೆಗೆ ಬಂದು ಹೋಗೋರಿಗೆಲ್ಲ ಗೊತ್ತು.”

“ದೇವರನ್ನೇ ಕಾವಲಿಗೆ ಇಟ್ಟಿದ್ದೀರಿ” ಎಂದು ಅತ್ತಿಗೆ ಹುರುಳಿಕಾಯಿಯ ತಟ್ಟೆಯನ್ನು ನನ್ನ ಮಡಿಲಿಗೆ ದಾಟಿಸಿ ಎದ್ದರು.

ಕಾರ್ಯಾಗಾರ ಅವರ ಮನೆಗೇ ಅಂಟಿಕೊಂಡಿತ್ತು. ಉದ್ದನೆಯ ಒಂದೇ ಕೋಣೆ, ನಡುವೆ ಒಂದು ದೊಡ್ಡ ಬೆಂಚು. ಅದರ ಈ ಬದಿ ಅಣ್ಣನದು, ಆ ಬದಿ ತಮ್ಮನದು. ಅಣ್ಣನ ಕಡೆ ಉಳಿಗಳು ಎತ್ತರದ ಪ್ರಕಾರ ನಿಂತಿದ್ದವು. ಬಾಗಿಲ ತಿರುಗಣಿಯಿಂದ ಹಿಡಿದು ದೀಪದ ಸ್ವಿಚ್ಚಿನವರೆಗೆ, ಪ್ರತಿ ಸ್ಕ್ರೂ ತಲೆಯ ಗೀರೂ ಗೆರೆ ಎಳೆದಂತೆ ಒಂದೇ ದಿಕ್ಕಿಗಿತ್ತು. ತಮ್ಮನ ಕಡೆ ಎಲ್ಲ ಸ್ವಚ್ಛವೇ, ಆದರೆ ಸ್ಕ್ರೂಗಳು ತಮಗೆ ತೋಚಿದ ಕಡೆ ಮುಖ ಮಾಡಿದ್ದವು.

“ಅಣ್ಣನ ಕಡೆ ಕವಾಯತು, ತಮ್ಮನ ಕಡೆ ಸಂತೆ” ಎಂದು ನಾನು ಪಿಸುಗುಟ್ಟಿದೆ. ಅತ್ತಿಗೆ ನಗಲಿಲ್ಲ. ಸ್ವಿಚ್ಚಿನ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತರು.

ಗಾಳಿಯಣ್ಣ ತನ್ನ ಸಾಮಾನುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. “ನಾನು ಮಾಡಿಲ್ಲ. ಇದನ್ನ ಅಣ್ಣನಿಗೆ ಹೇಳಬೇಕಾಗಿ ಬಂತಲ್ಲ, ಅದೇ ನನಗೆ ಸಾಕಾಗಿಹೋಯ್ತು. ಇನ್ನು ನಿಮ್ಮ ಮುಂದೆ ಬೇರೆ ಹೇಳಬೇಕಾ?”

“ಬೇಡಪ್ಪ. ಇದೇನು, ಅಷ್ಟು ಹೇಳು.” ಅತ್ತಿಗೆಯ ಕೈಯಲ್ಲಿ ದಪ್ಪ ಹಿಡಿಯ ಸ್ಕ್ರೂಡ್ರೈವರ್ ಇತ್ತು.

“ಬೇಕಾದಷ್ಟು ಬಿಗಿಯಾದ ಕೂಡಲೇ ಕ್ಲಿಕ್ ಅನ್ನುತ್ತೆ. ಕಬ್ಬಿಣವನ್ನ ಮರಕ್ಕೆ ಕೂರಿಸೋ ಎರಡು ಸ್ಕ್ರೂ ಇದಾವಲ್ಲ, ಅವುಗಳ ಬಿಗಿ ಹೆಚ್ಚಾದ್ರೂ ಗುಂಡು ಅಲೆಯುತ್ತೆ, ಕಡಿಮೆಯಾದ್ರೂ ಅಲೆಯುತ್ತೆ.”

“ಕ್ಲಿಕ್ ಅಂದಾಗಲೆಲ್ಲ ಚಿಕ್ಕಪ್ಪ ‘ಸಾಕು’ ಅಂತಾರೆ, ಸ್ಕ್ರೂಗೆ ಕಿವಿ ಇದ್ದ ಹಾಗೆ” ಎಂದಳು ಮಗಳು. ಆ ದಿನಗಳಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ.

“ಮರದ ಬಗ್ಗೆ ನೀನು ಏನಾದರೂ ಹೇಳಿದ್ದೆಯಾ?” ಅತ್ತಿಗೆ ಗಾಳಿಯಣ್ಣನನ್ನು ಕೇಳಿದರು.

“ಈ ಮರ ಇನ್ನೊಂದು ವರ್ಷ ಒಣಗಲಿ ಅಂದಿದ್ದೆ. ‘ಗಾಳಿಯವನಿಗೆ ಮರದ ಉಸಾಬರಿ ಯಾಕೋ’ ಅಂತ ಅಣ್ಣ ನಕ್ಕುಬಿಟ್ಟ.”

ಮರದಣ್ಣ ಅಂಗಳದಲ್ಲಿ ಸುಮ್ಮನೆ ಕುಳಿತಿದ್ದರು. ಅತ್ತಿಗೆ ಕೇಳಿದ್ದಕ್ಕೆಲ್ಲ ಒಂದೊಂದೇ ಮಾತಿನಲ್ಲಿ ಉತ್ತರಿಸಿದರು. ನಳಿಗೆ ಮರಕ್ಕೆ ಎಲ್ಲೂ ತಾಗಬಾರದು. ಅವೆರಡರ ನಡುವೆ ಕಾಗದದ ಪಟ್ಟಿಯೊಂದು ಸಲೀಸಾಗಿ ಓಡಬೇಕು. ತಾಗಿದರೆ ರೈಫಲ್ ಕೆಟ್ಟ ಹಾಗೆ. ಇಷ್ಟು ಹೇಳಿ, “ತಮ್ಮನ ಬಗ್ಗೆ ನನ್ನನ್ನ ಏನೂ ಕೇಳಬೇಡಿ” ಎಂದರು.

ಶನಿವಾರ ಮಧ್ಯಾಹ್ನ ಅತ್ತಿಗೆ ಎಲ್ಲರನ್ನೂ ಆ ಬೆಂಚಿನ ಸುತ್ತ ಕೂರಿಸಿದರು. ಅಣ್ಣ ತನ್ನ ಬದಿಗೆ, ತಮ್ಮ ತನ್ನ ಬದಿಗೆ. ನಡುವೆ ಮಗಳು. ಡಾಕ್ಟರು ಗೆದ್ದ ತಪ್ಪಿಗೆ ಮುದುಡಿಕೊಂಡು ಬಾಗಿಲ ಬಳಿ ಕುಳಿತರು. ಅತ್ತಿಗೆ ಪೆಟ್ಟಿಗೆ ತೆರೆದು ರೈಫಲ್ಲನ್ನು ಬೆಂಚಿನ ಮೇಲಿಟ್ಟರು. ಹೊಳೆಯುವ ಕಂದುಮರ, ಹೊಳೆಯ ನೀರಿನಂತೆ ಹರಿದ ಎಳೆಗಳು. ಅದನ್ನು ಕೆತ್ತಿದ ಕೈಯ ಬಗ್ಗೆ ಗೌರವ ಹುಟ್ಟದೆ ಇರುತ್ತಿರಲಿಲ್ಲ.

“ಮೊದಲು ಗಾಳಿ” ಎಂದರು ಅತ್ತಿಗೆ. “ಡಾಕ್ಟ್ರೇ, ಇವತ್ತು ಬೆಳಿಗ್ಗೆ ನೀವೇ ಈ ರೈಫಲ್ಲನ್ನ ವೇಗ ಅಳೆಯೋ ಯಂತ್ರದ ಮುಂದೆ ಹೊಡೆದು ನೋಡಿದಿರಲ್ಲ?”

“ಪಂದ್ಯದ ಹಿಂದಿನ ಸಂಜೆ ಎಷ್ಟಿತ್ತು ಅಂತ ಇವಳು ಹೇಳಿದಳೋ ಅಷ್ಟೇ ಇದೆ. ಒಂದು ಗುಂಡಿಗೂ ಇನ್ನೊಂದಕ್ಕೂ ವ್ಯತ್ಯಾಸವೇ ಇಲ್ಲ. ಗಾಳಿಯನ್ನ ಯಾರೂ ಮುಟ್ಟಿಲ್ಲ.”

“ಹಾಗಾದರೆ ಕೆಟ್ಟಿದ್ದು ಮರ ಮತ್ತು ಕಬ್ಬಿಣ ಸೇರೋ ಜಾಗದಲ್ಲಿ. ಈಗ ನಳಿಗೆಯ ಕೆಳಗೆ ಟಾರ್ಚು ಬಿಟ್ಟು ನೋಡಿ. ಒಂದು ಗೇಣಿನಷ್ಟು ಮರ ತಿಳಿ ಬಣ್ಣಕ್ಕಿದೆ. ಹೊಸದಾಗಿ ಕೆರೆದಿದ್ದಾರೆ. ಮೂಗು ಹತ್ತಿರ ತನ್ನಿ, ಹಸಿ ಎಣ್ಣೆ ವಾಸನೆ. ಕೆಡಿಸಬೇಕು ಅಂತ ಬಂದವನು ಕೆರೆದು ಬಿಟ್ಟು ಹೋಗ್ತಿದ್ದ. ಇಲ್ಲಿ ಮರಳು ಕಾಗದ ಹಾಕಿ ನುಣ್ಣಗೆ ಮಾಡಿ, ಎಣ್ಣೆ ಸವರಿದ್ದಾರೆ. ಇದು ಹಗೆಯವರ ಕೆಲಸ ಅಲ್ಲ. ಪ್ರೀತಿ ಇದ್ದವರದು.”

ಅತ್ತಿಗೆ ಟಾರ್ಚು ಆರಿಸಿದರು.

“ಹೀಗೆ ಕೆರೀಬೇಕಾದರೆ ಎರಡು ಸ್ಕ್ರೂ ಬಿಚ್ಚಿ ಕಬ್ಬಿಣ ಹೊರಗೆ ತೆಗೀಬೇಕು. ಮತ್ತೆ ಬಿಗಿಯಬೇಕು. ಡಾಕ್ಟ್ರೇ, ನಿಮ್ಮ ರೈಫಲ್ ತಿರುಗಿಸಿ ತೋರಿಸಿ.”

ಡಾಕ್ಟರ ರೈಫಲ್ಲಿನ ತಳದಲ್ಲಿ ಒಂದು ಸ್ಕ್ರೂವಿನ ಗೀರು ಅಡ್ಡಕ್ಕಿತ್ತು, ಇನ್ನೊಂದರದು ಓರೆ.

“ಗಾಳಿಯಣ್ಣ ಕ್ಲಿಕ್ ಅಂದ ಕಡೆ ನಿಲ್ಲಿಸ್ತಾನೆ. ಗೀರು ಎಲ್ಲಿಗೆ ಬಂತು ಅಂತ ನೋಡೋದೇ ಇಲ್ಲ. ಅವನು ಮುಟ್ಟಿದ್ದರಲ್ಲೆಲ್ಲ ಹೀಗೇ.” ಅತ್ತಿಗೆ ಮಗಳ ರೈಫಲ್ಲನ್ನು ಮೆಲ್ಲಗೆ ಮಗುಚಿದರು. ಎರಡು ಗೀರುಗಳೂ ಮರದ ಎಳೆಯ ಗುಂಟ, ನೂಲು ಹಿಡಿದ ಹಾಗೆ ನೆಟ್ಟಗೆ ನಿಂತಿದ್ದವು.

ನನ್ನ ಕಣ್ಣು ತಾನಾಗಿಯೇ ಬಾಗಿಲ ತಿರುಗಣಿಯ ಕಡೆ, ಸ್ವಿಚ್ಚಿನ ಕಡೆ ಹೋಯಿತು. ಮಗಳದೂ ಹೋಯಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

ಅತ್ತಿಗೆ ಕಾದರು. ತಪ್ಪು ಮಾಡಿದವನ ಬಾಯಿಂದಲೇ ಅದು ಬರಲೆಂದು ಅವರು ಸದಾ ಕಾಯುತ್ತಿದ್ದರು. ದೇವರೂ ಹಾಗೇ ಕಾಯುತ್ತಾನೆ ಎಂಬುದು ಅವರ ನಂಬಿಕೆ.

“ಕಾಗದ ಸಿಕ್ಕಿಹಾಕಿಕೊಳ್ತು” ಎಂದರು ಮರದಣ್ಣ. ಧ್ವನಿ ಬೆಂಚಿನ ಕೆಳಗಿನಿಂದ ಬಂದ ಹಾಗಿತ್ತು. “ಪಂದ್ಯದ ಬೆಳಿಗ್ಗೆ, ಇವರಿಬ್ಬರೂ ಏಳೋ ಮುಂಚೆ, ಕೊನೇ ಸಲ ಅಂತ ಕಾಗದ ಓಡಿಸಿದೆ. ನಡುವೆ ನಿಂತುಬಿಡ್ತು. ಮರ ಉಬ್ಬಿತ್ತು. ಸಾಕಷ್ಟು ಒಣಗಿರಲಿಲ್ಲ. ಬಿಚ್ಚಿ ಕೆರೆದೆ. ಕೈ ಅಂದಾಜಲ್ಲಿ ಬಿಗಿದೆ.”

“ಗೀರು ಎಳೆಗೆ ಸೇರೋವರೆಗೂ ಬಿಗಿದಿರಿ” ಎಂದರು ಅತ್ತಿಗೆ. “ಮುಂಬದಿಯ ಸ್ಕ್ರೂ ಸಾಕಾದ ಮೇಲೂ ಕಾಲು ಸುತ್ತು ತಿರುಗಿರಬೇಕು. ಕಬ್ಬಿಣ ಕಣ್ಣಿಗೆ ಕಾಣದಷ್ಟು ಬಾಗಿತು.”

“ಓರೆ ಗೀರು ಬಿಟ್ಟು ಎದ್ದು ಅಭ್ಯಾಸ ಇಲ್ಲ ನನಗೆ. ಕೈ ತಾನಾಗಿಯೇ ತಿರುಗಿಸ್ತು. ಹೊಡೆದು ನೋಡೋಕೆ ಹೊತ್ತಿರಲಿಲ್ಲ.”

ಗಾಳಿಯಣ್ಣ ಎದ್ದು ನಿಂತಿದ್ದರು. “ಅಣ್ಣಾ, ಬಾಗಿಲು ತಟ್ಟಿದ್ರೆ ನಾನು ಎದ್ದು ಬರ್ತಿರಲಿಲ್ವಾ? ಗೋಡೆ ಆಚೆ ತಾನೇ ಮಲಗಿದ್ದೆ?”

“ಮರದ ವಿಷಯದಲ್ಲಿ ನೀನು ಹೇಳಿದ್ದೇ ನಿಜ ಆಗಿತ್ತಲ್ಲೋ. ಅದಕ್ಕೇ ತಟ್ಟಲಿಲ್ಲ.”

“ಮೈದಾನದಲ್ಲಿ?”

“ಎಲ್ಲರೂ ನನ್ನ ಕಡೆ ನೋಡಿದ್ರು. ಏನಾದರೂ ಹೇಳಬೇಕಿತ್ತು. ಬಾಯಿಗೆ ಆ ಮಾತು ಬಂತು. ಆಡಿದ ಮೇಲೆ ವಾಪಸ್ ತಗೊಳ್ಳೋಕೆ...”

ಗಾಳಿಯಣ್ಣ ಬಟ್ಟೆಯ ಗಂಟು ಬಿಚ್ಚಿ ಸ್ಕ್ರೂಡ್ರೈವರ್ ತೆಗೆದರು. ಎರಡೂ ಸ್ಕ್ರೂ ಸಡಿಲಿಸಿದರು, ಮತ್ತೆ ಬಿಗಿದರು. ಕ್ಲಿಕ್. ಕ್ಲಿಕ್. ಈ ಸಲ ‘ಸಾಕು’ ಅನ್ನಲಿಲ್ಲ. ಗೀರುಗಳು ಒಂದು ಆ ಕಡೆ, ಒಂದು ಈ ಕಡೆ ನಿಂತವು. ಮಗಳು ಹಿತ್ತಲಿನ ಗುರಿಯತ್ತ ಐದು ಗುಂಡು ಹೊಡೆದಳು. ಕಾಗದದಲ್ಲಿ ಒಂದೇ ತೂತು ಬಿತ್ತು. ಅಣ್ಣ ಕೆರೆದ ಮರ ಸರಿಯಾಗಿಯೇ ಇತ್ತು, ತಮ್ಮ ತುಂಬಿದ ಗಾಳಿಯೂ. ಆ ಬೆಳಿಗ್ಗೆ ಒಂದು ಬಾಗಿಲು ತಟ್ಟಿದ್ದರೆ ಮುಗಿಯುತ್ತಿತ್ತು.

“ಚಿಕ್ಕಪ್ಪ, ಇನ್ನು ಹೋಗಬೇಡಿ” ಎಂದಳು ಮಗಳು.

“ಸಿಟ್ಟಿಗೆ ಹೋಗ್ತಿಲ್ಲ ಮಗಳೇ. ಅವತ್ತು ಊರೆಲ್ಲ ನನ್ನ ಮುಖ ನೋಡ್ತಿದ್ದಾಗ ನಿಮ್ಮಪ್ಪ ನೆಲ ನೋಡ್ತಿದ್ದ. ಅದು ಕಣ್ಣಿಂದ ಹೋಗಬೇಕು. ಹೋದ ಮೇಲೆ ಬರ್ತೀನಿ.” ಸ್ಕ್ರೂಡ್ರೈವರನ್ನು ಅಣ್ಣನ ಬದಿಗೆ ಸರಿಸಿದರು. “ಕ್ಲಿಕ್ ಅಂದ ಕಡೆ ಬಿಟ್ಟುಬಿಡು. ಓರೆಯಾದ್ರೆ ಆಗಲಿ.”

ವಾಪಸ್ ಬರುವಾಗ ಅತ್ತಿಗೆ ಕಾರಿನ ಕಿಟಕಿಯಾಚೆ ನೋಡುತ್ತಾ ಕುಳಿತಿದ್ದರು. ಬಹಳ ದೂರ ಬಂದ ಮೇಲೆ, “ಮೊದಲು ಮರದಣ್ಣ ಒಬ್ಬರನ್ನೇ ಕರೆದು ಕೇಳಬೇಕಿತ್ತು ಕಣೋ” ಎಂದರು. “ಆದರೆ ತಮ್ಮನ ಮಾನ ಹೋಗಿದ್ದು ಎಲ್ಲರ ಮುಂದೆ. ಮುಚ್ಚಿದ ಬಾಗಿಲ ಹಿಂದೆ ಅದನ್ನ ವಾಪಸ್ ಕೊಡೋದು ಹೇಗೆ?” ಅದು ನನ್ನನ್ನು ಕೇಳಿದ ಪ್ರಶ್ನೆಯಲ್ಲ.

ಕೆಲವು ತಿಂಗಳ ನಂತರ ಆ ಬೀದಿಯಲ್ಲಿ ಹಾದುಹೋಗುವಾಗ ಕಾರ್ಯಾಗಾರದ ಬಾಗಿಲು ತೆರೆದಿತ್ತು. ಬೆಂಚಿನ ತಮ್ಮನ ಬದಿಯನ್ನು ಗುಡಿಸಿ ಒರೆಸಿ ಖಾಲಿ ಇಟ್ಟಿದ್ದರು. ಈ ಬದಿಯಲ್ಲಿ ಮರದಣ್ಣ ಒಬ್ಬರೇ ಬಾಗಿ ಸ್ಕ್ರೂ ಬಿಗಿಯುತ್ತಿದ್ದರು. ಕ್ಲಿಕ್ ಅಂದಿತು. ಗೀರು ಓರೆಯಾಗಿಯೇ ನಿಂತಿತು. ಅವರ ಹೆಬ್ಬೆರಳು ಅದರ ಮೇಲೆ ಒಮ್ಮೆ ಆಡಿ ಹಿಂದೆ ಸರಿಯಿತು.

“ಸಾಕು” ಎಂದು ತಮಗೆ ತಾವೇ ಹೇಳಿಕೊಂಡು, ಅವರು ಬೆಂಚಿನ ಆಚೆಯ ಬದಿಗೆ ನೋಡಿದರು.