ಎರಡನೆಯ ಸೀಟು

ಇಂಜಿನ್ನಿನ ಬಾಗಿಲು ಮತ್ತೆ ಗಾಳಿಗೆ ಶಿಳ್ಳೆ ಹಾಕುತ್ತಿದೆ ಎಂದು ಡ್ರೈವರ್ ದೂರು ಕೊಟ್ಟಾಗಲೆಲ್ಲ ಅವಳು ಬೇಸರದ ಮುಖ ಮಾಡಿಕೊಂಡೇ ಶೆಡ್ಡಿಗೆ ಹೊರಡುತ್ತಿದ್ದಳು. ಬೇಸರ ಮುಖದಲ್ಲಷ್ಟೇ ಇತ್ತು. ಕೂದಲು ಎರಡೆರಡು ಸಲ ಬಾಚಿಕೊಂಡದ್ದು ಅತ್ತಿಗೆಯ ಕಣ್ಣಿಗೆ ಬೀಳದೆ ಇರುತ್ತದೆಯೇ?

"ತೊಂದರೆ ಇಂಜಿನ್ನಿಗೋ, ಡ್ರೈವರಿಗೋ?"

"ಬಾಗಿಲಿಗೆ, ಅತ್ತಿಗೆ."

"ಬಾಗಿಲು ನೋಡೋಕೆ ಇಷ್ಟು ಅಲಂಕಾರ ಮಾಡ್ಕೊಂಡು ಹೋಗೋರನ್ನ ನಾನಂತೂ ಕಂಡಿಲ್ಲ."

ಪ್ರಯಾಣಿಕರ ರೈಲುಗಳಿಗೆಂದೇ ತಯಾರಾಗುತ್ತಿದ್ದ ಹೊಸ ಎಲೆಕ್ಟ್ರಿಕ್ ಇಂಜಿನ್ ಅದು. ಡ್ರೈವರ್ ಕೂರುವ ಕ್ಯಾಬಿನ್ ಅವಳ ಡಿಸೈನ್. ಮೊದಲ ಇಂಜಿನ್ನನ್ನು ಓಡಿಸಿ ಪರೀಕ್ಷಿಸುವ ಕೆಲಸ ದೂರು ಕೊಡುತ್ತಿದ್ದವನದು. ಹಳೆಯ ಇಂಜಿನ್ನುಗಳಿಗೆ ಇಬ್ಬರು ಬೇಕಿತ್ತು, ಇದಕ್ಕೆ ಒಬ್ಬನೇ ಸಾಕು. ಅವಳ ಹೆಮ್ಮೆಯೇ ಅದು. ಪರೀಕ್ಷೆಯ ಓಟಕ್ಕೆಂದು ಮಾತ್ರ ಪಕ್ಕದಲ್ಲೊಂದು ತಾತ್ಕಾಲಿಕ ಸೀಟು ಜೋಡಿಸಿದ್ದರು. ಅದರಲ್ಲಿ ಅವಳು ಕೂರುತ್ತಿದ್ದಳು.

ಸಿಗ್ನಲ್ ಕಂಡೊಡನೆ ಡ್ರೈವರ್ ಅದರ ಬಣ್ಣವನ್ನು ಗಟ್ಟಿಯಾಗಿ ಹೇಳಬೇಕು, ಪಕ್ಕದಲ್ಲಿರುವವರು ಅದನ್ನೇ ತಿರುಗಿ ಹೇಳಬೇಕು ಎಂಬುದು ನಿಯಮ.

"ಹಸಿರು," ಎನ್ನುತ್ತಿದ್ದ ಅವನು.

"ಹಸಿರು," ಎನ್ನುತ್ತಿದ್ದಳು ಅವಳು.

ದಿನವಿಡೀ ಹೆಚ್ಚುಕಡಿಮೆ ಇಷ್ಟೇ ಮಾತು. ಆದರೆ ಅವಳ ಉತ್ತರ ಕೇಳಿದ ಮೇಲೆ ಅವನ ತುಟಿಯ ಒಂದು ಕೊನೆ ಸ್ವಲ್ಪವೇ ಮೇಲೇಳುತ್ತಿತ್ತು. ಅದನ್ನೇ ನೋಡುತ್ತ ಕೂತು ಅವಳು ಒಮ್ಮೆ ಹಳದಿಗೆ ಹಸಿರು ಎಂದುಬಿಟ್ಟಿದ್ದಳು.

"ಮೇಡಂ, ಸಿಗ್ನಲ್ ಹೊರಗಿದೆ," ಎಂದಿದ್ದ ಅವನು, ಹಳಿಯಿಂದ ಕಣ್ಣು ತೆಗೆಯದೆ.

ಶಿಳ್ಳೆಯ ಗುಟ್ಟು ಅವಳಿಗೆ ಮೊದಲ ಸಲವೇ ತಿಳಿದಿತ್ತು. ಬಾಗಿಲಂಚಿನ ರಬ್ಬರನ್ನು ಯಾರೋ ಬೆರಳಿನಿಂದ ಎಳೆದು ಸಡಿಲಿಸಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದ್ದರೆ ಬಟ್ಟಲು ತುಂಬಿಸಿಡುತ್ತಿದ್ದವಳು ಇವಳೇ. ಪ್ರತಿ ಸಲವೂ ಅಂಟನ್ನು ತೀರ ತೆಳ್ಳಗೆ ಹಚ್ಚಿ ಬರುತ್ತಿದ್ದಳು.

ಒಂದು ವಾರ ದೂರು ಬರಲಿಲ್ಲ. ಮರುವಾರವೂ ಇಲ್ಲ. ಬಾಗಿಲು ಸರಿಯಾಗಿದೆ ಎಂದು ಅವನೇ ಹೇಳಿದನಂತೆ. ಅದರ ಬೆನ್ನಿಗೇ ಇಂಜಿನ್ ಪಾಸಾಯಿತು, ಅದೇ ಮಾದರಿಯವು ಸಾಲಾಗಿ ತಯಾರಾಗತೊಡಗಿದವು, ಕಚೇರಿಯವರೆಲ್ಲ ಅವಳ ಕೈ ಕುಲುಕಿದರು. ಎರಡನೆಯ ಸೀಟನ್ನು ತೆಗೆಯಲು ಒಪ್ಪಿಗೆ ಕೊಟ್ಟವಳೂ ಅವಳೇ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಳ್ಳುವುದೆಂದರೆ ಇದೇ. ಅವನಿಗೆ ನನ್ನ ಸಹವಾಸ ಸಾಕಾಗಿರಬೇಕು ಎಂದುಕೊಂಡಳು. ಹಾಗೆ ಅಂದುಕೊಂಡಷ್ಟೂ ಎದೆ ನೋಯುತ್ತಿತ್ತು. ಅಡುಗೆಮನೆಯಲ್ಲಿ ಕುಕ್ಕರ್ ಶಿಳ್ಳೆ ಹಾಕಿದರೂ ಕಣ್ಣು ತುಂಬಿಕೊಳ್ಳುತ್ತಿದ್ದಳು. ಅತ್ತಿಗೆ ತಮಾಷೆ ಮಾಡುವುದನ್ನೇ ಬಿಟ್ಟಳು.

ನಿಜ ಹೇಳಿದವರು ಶೆಡ್ಡಿನ ಹಿರಿಯ ಫಿಟರ್, ಎಲ್ಲರ ಬಾಯಲ್ಲೂ ದೊಡ್ಡಪ್ಪ.

"ದೂರು ಬಾಕಿ ಇದ್ರೆ ಇಂಜಿನ್ ಪಾಸಾಗಲ್ಲ, ಹೆಸರು ಕೆಡೋದು ಆ ಹುಡುಗಿದು ಅಂತ ನಾನೇ ಅವನಿಗೆ ಹೇಳಿದೆ ಕಣಮ್ಮ. ಅವತ್ತೇ ಅಂಟಿನ ಡಬ್ಬ ಇಸ್ಕೊಂಡು ಹೋಗಿ ಗಟ್ಟಿಯಾಗಿ ಮೆತ್ತಿಬಿಟ್ಟ. ಆಮೇಲೆ ನಿನ್ನ ಸೀಟಲ್ಲಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದ."

ಹೊಸ ಇಂಜಿನ್ ಮೊದಲ ಬಾರಿಗೆ ಪ್ರಯಾಣಿಕರನ್ನು ಕರೆದೊಯ್ಯುವ ದಿನ ಅವಳು ಟಿಕೆಟ್ ಹಿಡಿದು ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದಳು. ಅವಳನ್ನು ಕಂಡು ಅವನು ಕಿಟಕಿಯಲ್ಲಿ ಎದ್ದು ನಿಂತ.

"ಮೇಡಂ, ಯಾವ ದೂರೂ ಇಲ್ಲವಲ್ಲ."

"ನನಗಿದೆ. ಅಷ್ಟು ಗಟ್ಟಿಯಾಗಿ ಅಂಟು ಹಾಕಿ ಅಂತ ನಿಮಗ್ಯಾರು ಹೇಳಿದ್ದು?"

ಅವನು ತಲೆ ತಗ್ಗಿಸಿದ. "ನೀವು ಬರದೇ ಇದ್ರೂ ನಿಮ್ಮ ಇಂಜಿನ್ ಓಡಬೇಕಿತ್ತು." ಸೀಟು ತೆಗೆದ ಜಾಗದ ಕಡೆ ಕೈ ತೋರಿಸಿ ಹೇಳಿದ, "ನಿನ್ನೆ ಖಾಲಿ ಓಡಿಸಿ ನೋಡಿದೆ. ಪ್ರತಿ ಸಿಗ್ನಲ್ಲಿಗೂ ಕಿವಿ ಆ ಕಡೆಗೇ ಹೋಗುತ್ತೆ."

"ರೈಲು ಕೊನೆಗೆ ನಿಲ್ಲೋ ಕಡೆ ನಿಮ್ಮ ಡ್ಯೂಟಿ ಮುಗಿಯುತ್ತಲ್ಲ?"

"ಹೂಂ."

"ನನ್ನ ಟಿಕೆಟ್ಟೂ ಅಲ್ಲಿಗೇ. ನಿಮ್ಮನ್ನ ಬಿಟ್ಟು ನನಗೆ ಇರೋಕಾಗ್ತಿಲ್ಲ. ಅದನ್ನ ಹೇಳೋಕೆ ಬಂದೆ."

ಅವನ ತುಟಿಯ ಒಂದು ಕೊನೆ ಮೇಲೆದ್ದಿತು. ಅಷ್ಟರಲ್ಲಿ ಮುಂದಿನ ಸಿಗ್ನಲ್ ಬದಲಾಯಿತು. ನಿಯಮದಂತೆ ಗಟ್ಟಿಯಾಗಿ ಹೇಳಲೇಬೇಕಿತ್ತು.

"ಹಸಿರು," ಎಂದ.

"ಹಸಿರು," ಎಂದಳು ಅವಳು ಪ್ಲಾಟ್‌ಫಾರ್ಮಿನಿಂದ, ಮೊದಲ ಬೋಗಿಯ ಕಡೆ ಓಡುತ್ತ.