ಮೂಕಿ ಅಡ್ಡ ಇತ್ತು

2025ರ ನವೆಂಬರ್ 18, ಮಂಗಳವಾರ, ಬೆಳಿಗ್ಗೆ 8.30. ದೇವನಹಳ್ಳಿ ತಾಲ್ಲೂಕಿನ ತಿಮ್ಮೇನಹಳ್ಳಿ ಗೇಟಿನ ರೈತ ಬಚ್ಚಪ್ಪ ಠಾಣೆಗೆ ಬಂದು ಬರೆದುಕೊಟ್ಟ ದೂರು ಅರ್ಧ ಪುಟ ದಾಟಿರಲಿಲ್ಲ. ಹಿಂದಿನ ಸಂಜೆ ತನ್ನ ಮನೆ ಮುಂದಿನ ರಸ್ತೆಯಲ್ಲಿ ಸ್ಕೂಟರ್‌ನಲ್ಲಿ ಅತಿವೇಗದಿಂದ ಬಂದ ಹುಡುಗಿ ತಾನಾಗಿಯೇ ಬಿದ್ದಳು, ತಾನೇ 108ಕ್ಕೆ ಕರೆ ಮಾಡಿದೆ, ರಾತ್ರಿ 9.40ಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡಳೆಂದು ತಿಳಿಯಿತು ಎಂದಿತ್ತು ಅದರಲ್ಲಿ. ಹೆಸರು ಶಶಿರೇಖಾ, 26 ವರ್ಷ, ವಿಜಯಪುರದ ರೇಷ್ಮೆ ಹುರಿ ಕಾರ್ಖಾನೆಯಲ್ಲಿ ಕೆಲಸ.

ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಸತ್ತವಳ ಹೆಸರೇ ಕೂತಿತು. ಬಿದ್ದವಳೂ ಅವಳೇ, ಬೀಳಿಸಿದವಳೂ ಅವಳೇ.

11 ಗಂಟೆಗೆ ತಾಯಿ ಲಕ್ಷ್ಮೀದೇವಮ್ಮ ಬಂದು ಇನ್ಸ್‌ಪೆಕ್ಟರ್ ಶಾಮಲಾ ಎದುರು ನಿಂತರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸತ್ತೋಳ್ ಮ್ಯಾಲೇ ಕೇಸಂತಲ್ಲಮ್ಮಾ? ಅದನ್ನ ತೆಗೀರಿ. ಬೇರೆ ಏನೂ ಬ್ಯಾಡ ನಂಗೆ."

"ಜೋರಾಗಿ ಓಡಿಸ್ತಿದ್ದಳಾ?"

"ಮೂವತ್ತು ದಾಟಿಸ್ತಿರ್ಲಿಲ್ಲ. ಸೈಕಲ್‌ನೋರೇ ಮುಂದೆ ಹೋಗ್ತಾರೆ ಅಂತ ಕೆಲಸದ ಹುಡುಗೀರೆಲ್ಲ ನಗಾಡ್ತಿದ್ರು."

ಶಾಮಲಾ ಕಡತ ತೆರೆದರು. ಹಿಂದಿನ ರಾತ್ರಿ ಆಸ್ಪತ್ರೆಗೆ ಹೋಗಿದ್ದ ಕಾನ್‌ಸ್ಟೆಬಲ್ ಅಂಜನ್ ಬರೆದಿದ್ದ: 'ಮೂಕಿಯೊಬ್ಬಳು ಅಡ್ಡ ಬಂದಳೆಂದು ಸದರಿ ಗಾಯಾಳು ತಿಳಿಸಿರುತ್ತಾಳೆ.' ಬೆಂಗಳೂರಿನ ರಾಜಾಜಿನಗರದಲ್ಲಿ ಹುಟ್ಟಿ ಬೆಳೆದ ಅಂಜನ್ ಬೆಳಿಗ್ಗೆಯಿಂದ ಆ ಮಾತು ಬಾರದವಳನ್ನು ಹುಡುಕಿದ್ದ. ಸಿಕ್ಕವರೆಲ್ಲ ಬಾಯಿಬಡುಕರೇ. ಅಂಗಡಿಯ ಮುನಿವೆಂಕಟಮ್ಮನಂತೂ, "ನಮ್ಮೂರಲ್ಲಿ ಮೂಕಿ ಒಬ್ಳಾದ್ರೂ ಇದ್ದಿದ್ರೆ ಎಷ್ಟೋ ನೆಮ್ಮದಿ ಇರ್ತಿತ್ತು ಕಣಪ್ಪಾ," ಎಂದು ಸಾಗಹಾಕಿದ್ದಳು.

"ಬಂದಳು ಅಂತಾನೇ ಹೇಳಿದಳಾ?" ಶಾಮಲಾ ಅವನನ್ನು ಕರೆಸಿ ಕೇಳಿದರು.

"ಹಂಗೇ ಏನೋ ಮೇಡಂ. ಪ್ರಜ್ಞೆ ಸರಿಯಾಗಿರ್ಲಿಲ್ಲ."

"ಏನೋ ಬೇಡ. ನಾನಿಲ್ಲದಾಗ ನನ್ನ ಥರಾನೇ ಮಾತಾಡಿ ಠಾಣೆಯೋರನ್ನೆಲ್ಲ ನಗಿಸ್ತೀಯಂತೆ. ಅವಳು ಹೆಂಗೆ ಹೇಳಿದಳೋ ಹಂಗೇ ಹೇಳು."

ಅಂಜನ್ ತಾಯಿಯ ಕಡೆ ನೋಡಿದ. ತಲೆ ತಗ್ಗಿಸಿ ಕಣ್ಣು ಮುಚ್ಚಿದ. ಅವನ ಗಂಟಲಿನಿಂದ ಸಣ್ಣ, ಒಡೆದ ದನಿ ಬಂತು.

"ಮೂಕಿ... ಅಡ್ಡ ಇತ್ತು. ಕಾಣ್ಲೇ ಇಲ್ಲ ಅಣ್ಣಾ."

ಲಕ್ಷ್ಮೀದೇವಮ್ಮ ಮೇಜಿನ ಅಂಚು ಹಿಡಿದುಕೊಂಡರು. "ಇನ್ನೊಂದ್ಸಲ ಅನ್ನಪ್ಪಾ," ಎಂದರು. ಅಂಜನ್‌ಗೆ ಆಗಲಿಲ್ಲ.

"ಇದ್ದಳು ಅಲ್ಲ. ಇತ್ತು," ಎಂದರು ಶಾಮಲಾ.

ಬಾಗಿಲಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ರಾಮಾಂಜಿನಪ್ಪ ಹಣೆ ಚಚ್ಚಿಕೊಂಡರು. ಅವರದು ಬೇಸಾಯದ ಮನೆ. "ಲೇ ಅಂಜನ್ನಾ, ಮೂಕಿ ಅಂದ್ರೆ ಹೆಂಗಸಲ್ಲ ಕಣೋ! ಎತ್ತಿನ ಗಾಡಿಗೆ ನೊಗ ಕಟ್ಟೋ ಉದ್ದನೆ ಮರ. ಟ್ರೈಲರ್ ಬಂದ್ಮೇಲೆ ಅದರ ಮುಂದಿನ ಕಬ್ಬಿಣಕ್ಕೂ ಹಂಗೇ ಅಂತೀವಿ. ಮೇಡಂ, ಯಾರೋ ಟ್ರ್ಯಾಕ್ಟರ್ ಕಳಚ್ಕೊಂಡು ಟ್ರೈಲರ್ ರೋಡಲ್ಲಿ ಬಿಟ್ಟವ್ರೆ."

ಹಾಗೆ ಟ್ರೈಲರನ್ನು ರಸ್ತೆಯಲ್ಲಿ ಅಪಾಯವಾಗುವಂತೆ ಬಿಡುವುದು ಮೋಟಾರು ವಾಹನ ಕಾಯ್ದೆಯ 122ನೇ ಕಲಮಿನ ಪ್ರಕಾರ ಅಪರಾಧ. ಕಲಂ ಗೊತ್ತಿದ್ದವರೂ ಈ ಕಡೆ ಟ್ರೈಲರ್ ಸುತ್ತುಹಾಕಿಕೊಂಡೇ ಹೋಗುತ್ತಾರೆ.

ಮಧ್ಯಾಹ್ನ 1.15ಕ್ಕೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಬಚ್ಚಪ್ಪನ ಮನೆ ಮುಂದೆ ಡಾಂಬರಿನಲ್ಲಿ ಕಬ್ಬಿಣ ಊರಿದ ಗುಳಿಯಿತ್ತು. ಪಕ್ಕದ ಚರಂಡಿಯಲ್ಲಿ ಚಕ್ರಕ್ಕೆ ಅಡ್ಡ ಕೊಡುವ ಕಲ್ಲು, ಒಂದು ಮಗ್ಗುಲಿಗೆ ಟೈರಿನ ಕಪ್ಪು. ಟ್ರೈಲರ್ ಸಿಕ್ಕಿದ್ದು ಅದೇ ರಸ್ತೆಯ ಹಾಲಿನ ಡೈರಿಯ ಆಚೆ, ಬಚ್ಚಪ್ಪನ ದ್ರಾಕ್ಷಿ ತೋಟದಲ್ಲಿ. ಅದಕ್ಕೆ ದೀಪವಿರಲಿಲ್ಲ, ಹೊಳೆಯುವ ಪಟ್ಟಿಯೂ ಇರಲಿಲ್ಲ. ಮೂಕಿಯ ತುದಿಯಲ್ಲಿ ಸ್ಕೂಟರಿನ ನೀಲಿ ಬಣ್ಣ ಮೆತ್ತಿಕೊಂಡಿತ್ತು.

ಡೈರಿಯ ಕ್ಯಾಮೆರಾದ ದೃಶ್ಯವನ್ನೂ 108ರ ಕರೆಯ ವಿವರವನ್ನೂ ತರಿಸಿಕೊಂಡು, ಸಂಜೆ 4.30ಕ್ಕೆ ಶಾಮಲಾ ರಾಮಾಂಜಿನಪ್ಪನವರೊಂದಿಗೆ ಬಚ್ಚಪ್ಪನ ಜಗಲಿಯಲ್ಲಿ ಕೂತರು.

"ಸೋಮವಾರ ಸಂಜೆ ಟ್ರೈಲರ್ ಎಲ್ಲಿತ್ತು?"

"ತೋಟದಲ್ಲಿ ಮೇಡಂ."

"ಹುಡುಗಿ ಡೈರಿ ದಾಟಿದ್ದು 6.51ಕ್ಕೆ. ನಿಮ್ಮ ಟ್ರ್ಯಾಕ್ಟರ್ ಟ್ರೈಲರ್ ಎಳ್ಕೊಂಡು ಅಲ್ಲೇ ಹೋಗಿದ್ದು 7.05ಕ್ಕೆ. ನೀವು 108ಕ್ಕೆ ಮಾಡಿದ್ದು 7.14ಕ್ಕೆ. ಅಷ್ಟು ಹೊತ್ತು ಅವಳೆಲ್ಲಿದ್ದಳು?"

ಬಚ್ಚಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಅಲ್ಲೇ."

"ಮಾತಾಡ್ತಿದ್ದಳಾ?"

"ನೀರು ಕೇಳಿದ್ಲು."

"ಕೊಟ್ರಾ?"

"ಕೊಟ್ಟು ಹೋದೆ."

ರಾಮಾಂಜಿನಪ್ಪ ಎದ್ದು ಅಂಗಳಕ್ಕೆ ಇಳಿದರು.

ಬಚ್ಚಪ್ಪ ಒಳಗಿನಿಂದ ಪ್ಲಾಸ್ಟಿಕ್ ಕವರೊಂದನ್ನು ತಂದ. ಒಳಗೆ ಏಳು ಅರ್ಜಿಗಳ ನಕಲು, ಎಲ್ಲದಕ್ಕೂ 'ಸ್ವೀಕರಿಸಲಾಗಿದೆ' ಎಂಬ ಮೊಹರು. ಎರಡು ವರ್ಷದ ಹಿಂದೆ ಡೈರಿಗೆ ಹಾಲು ಹಾಕಲು ರಸ್ತೆ ದಾಟುತ್ತಿದ್ದ ಅವನ ಹೆಂಡತಿ ನಾಗಲಕ್ಷ್ಮಮ್ಮನ ಮೇಲೆ ಜಲ್ಲಿ ಟಿಪ್ಪರ್ ಹರಿದಿತ್ತು.

"ಒಂದು ಹಂಪ್ ಹಾಕ್ಕೊಡ್ರಪ್ಪಾ ಅಂದೆ. ಯಾರೂ ತಿರುಗಿ ನೋಡ್ಲಿಲ್ಲ. ಟ್ರೈಲರ್ ಅರ್ಧ ರೋಡ್‌ಗೆ ಬಿಟ್ರೆ ಟಿಪ್ಪರ್‌ನೋರು ಬ್ರೇಕ್ ಒತ್ತುತಾರೆ. ದಿನಾ ಹಾಲಿನ ಹೊತ್ಗೆ ಬಿಡ್ತಿದ್ದೆ. ಆಮೇಲೆ ಡೈರಿ ಹೆಂಗಸ್ರು ಒಬ್ಬರೂ ಸತ್ತಿಲ್ಲ ಮೇಡಂ."

"ಮೊದಲು ಆಂಬುಲೆನ್ಸ್‌ಗೆ ಯಾಕೆ ಮಾಡ್ಲಿಲ್ಲ?"

"ಬಂದೋರು ಟ್ರೈಲರ್ ನೋಡಿದ್ರೆ ಎತ್ತಾಕ್ಕೊಂಡ್ಹೋಗ್ತಾರೆ. ನಾಳೆ ಸಂಜೆ ರೋಡ್‌ಗೆ ಏನು ಅಡ್ಡ ಇಡ್ಲಿ ಅಂತ... ಅಷ್ಟೇ ತಲೇಲಿದ್ದಿದ್ದು."

5.20ಕ್ಕೆ ಬಂಧನವಾಯಿತು. ನಿರ್ಲಕ್ಷ್ಯದಿಂದ ಸಾವು, ಸಾರ್ವಜನಿಕ ರಸ್ತೆಗೆ ಅಡಚಣೆ, ಸಾಕ್ಷ್ಯನಾಶ: ಭಾರತೀಯ ನ್ಯಾಯ ಸಂಹಿತೆಯ 106(1), 285, 238. ಆರೋಪಿ ಸ್ಥಾನದಿಂದ ಶಶಿರೇಖಾಳ ಹೆಸರು ಕೈಬಿಡುವಂತೆ ನ್ಯಾಯಾಲಯಕ್ಕೆ ವರದಿ ಬರೆದು, ಶಾಮಲಾ ಲಕ್ಷ್ಮೀದೇವಮ್ಮನಿಗೆ ತಾವೇ ಫೋನ್ ಮಾಡಿದರು. ಆ ಕಡೆಯಿಂದ "ಹ್ಞೂಂ" ಎಂಬುದಷ್ಟೇ ಕೇಳಿಸಿತು.

ಜೀಪು ರಸ್ತೆಯಂಚಿಗೆ ಬಂದು ನಿಂತಿತು. ಎದುರು ಬದಿಯಲ್ಲಿ ಹಾಲಿನ ಕ್ಯಾನ್ ಹಿಡಿದ ನಾಲ್ವರು ಹೆಂಗಸರು ದಾಟಲು ಕಾಯುತ್ತಿದ್ದರು. ತಿರುವಿನಲ್ಲಿ ಟಿಪ್ಪರಿನ ಹಾರನ್ ಕೇಳಿತು. ರಸ್ತೆ ಪೂರಾ ಖಾಲಿಯಿದ್ದುದರಿಂದ ಅದು ವೇಗ ತಗ್ಗಿಸಲಿಲ್ಲ.

ಬಚ್ಚಪ್ಪ ಜೀಪಿನ ಕಂಬಿಗಳ ನಡುವೆ ಕೈ ತೂರಿಸಿ, ದಾಟಬೇಡಿರೆಂದು ಅವರಿಗೆ ಸನ್ನೆ ಮಾಡುತ್ತಿದ್ದ.