ನಿಮ್ಮ ಗಂಟೆ, ನಮ್ಮ ಗಂಟೆ

"ಏಳ್ರೀ ಮೇಲೆ! ನಾಲ್ಕು ಗಂಟೆ ನಂದು!"

ಟ್ಯೂಬಾ ಸಿಟಿಯ ಗ್ರಂಥಾಲಯದಲ್ಲಿ ನೆಟ್ಟಗೆ ನಡೆಯುವ ಕಂಪ್ಯೂಟರ್ ಒಂದೇ. ಅದರ ಮುಂದೆ ಯಾರೋ ಅಪರಿಚಿತ ಕೂತಿದ್ದು ಕಂಡು ಶಾಂಡೀನ್‌ಗೆ ಮೈಯೆಲ್ಲ ಉರಿಯಿತು.

ಅವನು ತಿರುಗಿ ನಕ್ಕ. "ನಾನು ಮೂರು ಗಂಟೆಗೆ ಹೆಸರು ಬರೆಸಿದ್ದೆ. ಈಗ ಮೂರೇ ಆಗಿರೋದು!"

ಸುಳ್ಳು ಇಬ್ಬರದೂ ಅಲ್ಲ. ಬೇಸಿಗೆ ಬಂತೆಂದರೆ ಶಾಂಡೀನ್‌ಳ ನವಾಹೋ ಬುಡಕಟ್ಟಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಚಳಿ ಬರುವ ತನಕ ಹಾಗೇ ಇರುತ್ತದೆ. ರಸ್ತೆಯಾಚೆ ಮೊಯೆನ್‌ಕೋಪಿ ಹಳ್ಳಿಯ ಹೋಪಿ ಬುಡಕಟ್ಟಿನವರು, ಅಂದರೆ ಅವನ ಜನ, ಗಡಿಯಾರ ಮುಟ್ಟುವುದೇ ಇಲ್ಲ. ಈಚೆ ನಾಲ್ಕಾದರೆ ಆಚೆ ಮೂರು. ಗ್ರಂಥಾಲಯದ ಅಜ್ಜಿ ಎರಡನ್ನೂ ಬರೆದುಕೊಂಡು ಹಾಯಾಗಿದ್ದಳು.

"ನಿಮ್ಮ ಕುರಿಗಳು ನಮ್ಮ ಮಾವನ ಜೋಳ ಮೇದದ್ದು ಸಾಲದು ಅಂತ, ಈಗ ಕಂಪ್ಯೂಟರಿಗೂ ಬಂದ್ರಾ?" ಎಂದ ಅವನು.

ಕೋಪದಲ್ಲೂ ಅವಳಿಗೆ ನಗು ತಡೆಯಲಾಗಲಿಲ್ಲ.

ಅವನ ಹೆಸರು ಡಾರೆಲ್. ಶಾಲೆಯ ಬಸ್ಸು ಓಡಿಸುತ್ತಿದ್ದವನಿಗೆ ಮೇಷ್ಟ್ರಾಗುವ ಆಸೆ. ಇಪ್ಪತ್ಮೂರರ ಶಾಂಡೀನ್ ಆಸ್ಪತ್ರೆಯಲ್ಲಿ ರೋಗಿಗಳಿಗೆ ಊಟ ಹಂಚುತ್ತಿದ್ದಳು. ಅವಳಿಗೆ ನರ್ಸ್ ಆಗುವ ಆಸೆ. ಇಬ್ಬರೂ ಅರ್ಜಿ ಹಾಕುತ್ತಿದ್ದದ್ದು ಫ್ಲ್ಯಾಗ್‌ಸ್ಟಾಫಿನ ಒಂದೇ ಕಾಲೇಜಿಗೆ. ಕೊನೆಯ ದಿನವೂ ಒಂದೇ. ಅಕ್ಟೋಬರಿನ ಒಂದು ಶುಕ್ರವಾರ, ಸಂಜೆ ಐದಕ್ಕೆ ಬಾಗಿಲು ಬಂದ್.

ಅಂದಿನಿಂದ ಒಂದೇ ಕುರ್ಚಿಯಲ್ಲಿ ಸರದಿ. ಮೊದಲು ಹಳೆಯ ಮೇಷ್ಟ್ರುಗಳ ಶಿಫಾರಸು, ಆಮೇಲೆ ತನ್ನ ಬಗ್ಗೆ ಬರೆಯುವ ಪ್ರಬಂಧ, ಕೊನೆಗೆ ಒಬ್ಬರದನ್ನೊಬ್ಬರು ಓದಿ ತಿದ್ದುವುದು... ಡಾರೆಲ್ ಬಿತ್ತನೆಗೆ ಹದ ನೋಡುವ ಹಾಗೆ ವಾರಗಳನ್ನು ಹಂಚಿದ.

"ಕಾಲೇಜಿನೋರು ನಮ್ಮ ಗಂಟೆಯೋರು. ನಿನ್ನ ಗಡಿಯಾರದಲ್ಲಿ ಆರಾಗೋ ತನಕ ಟೈಮಿದೆ. ಆದ್ರೆ ಆ ಒಂದು ಗಂಟೆ ಇಲ್ಲ ಅಂತಲೇ ತಿಳ್ಕೊ ಶಾಂಡೀನ್. ಗಾಳಿ ಎದ್ರೆ ಇಂಟರ್ನೆಟ್ಟು ಹೋಗುತ್ತೆ."

"ಆಗಲಿ ಮೇಷ್ಟ್ರೇ!"

ಎಲ್ಲಕ್ಕೂ ಲೆಕ್ಕವಿತ್ತು. ಫೋನ್ ನಂಬರ್ ಕೇಳುವ ಧೈರ್ಯ ಮಾತ್ರ ಇಬ್ಬರಿಗೂ ಬಂದಿರಲಿಲ್ಲ.

ಕಡೆಯ ಓದು ಗುರುವಾರ ನಾಲ್ಕಕ್ಕೆ. ಓದಿ, ಜೊತೆಯಲ್ಲೇ ಕಳಿಸುವುದು.

ಆ ಗುರುವಾರ ಅವನು ಬರಲಿಲ್ಲ.

ಶಾಂಡೀನ್ ಕಾದಳು. ಬಾಗಿಲು ಕಿರ್ರೆಂದಾಗಲೆಲ್ಲ ಎದೆ ಹಾರುತ್ತಿತ್ತು. ಯಾರೋ... ಮತ್ಯಾರೋ... ಅವನಲ್ಲ. 'ನವಾಹೋ ಹುಡುಗಿಯ ಸಹವಾಸ ಬೇಡ ಅಂದಿರಬೇಕು ಅವರ ಮಾವ. ಒಂದು ಮಾತು ಹೇಳಿ ಹೋಗಬಾರದಿತ್ತೇ?' ಬರೆದದ್ದೆಲ್ಲ ಒಮ್ಮೆಲೇ ಪೊಳ್ಳೆನಿಸಿತು. ಕಳಿಸದೆ ಎದ್ದುಬಂದಳು.

ಶುಕ್ರವಾರ ಕೈಗೆ ಕೆಲಸ ಹತ್ತಲಿಲ್ಲ. ಸಕ್ಕರೆ ಕಾಯಿಲೆಯವರ ತಟ್ಟೆಗೆ ಸಿಹಿ ಬಡಿಸಿ ಬೈಸಿಕೊಂಡಳು. ಮನೆಗೆ ಬಂದರೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಅವಳ ತಾಯಿಯ ತಾಯಿ, ಮಾಸಾನಿ, ಮಗ್ಗದ ಮುಂದೆ ಕೂತು ನೋಡುತ್ತಲೇ ಇದ್ದಳು. ದಿನಾ ಮೂಡಣಕ್ಕೆ ತಿರುಗಿ, ಜೋಳದ ಪರಾಗ ಚಿಮುಕಿಸಿ, ಮೊಮ್ಮಗಳ ದಾರಿ ಚೆನ್ನಾಗಿರಲೆಂದು ಬೇಡಿಕೊಳ್ಳುವ ಜೀವ ಅದು.

"ಕುರಿ ಕಳಕೊಂಡೋಳ ಹಾಗೆ ಯಾಕ್ ತಿರುಗ್ತೀಯೇ ಮಗಾ?"

"ಅವನು ಬರಲಿಲ್ಲ ಮಾಸಾನಿ! ನಾಲ್ಕಕ್ಕೆ ಅಂದೋನು..."

"ಯಾರ ನಾಲ್ಕು?"

"ಅವನದೇ! ಪಾಪ, ಅವನಿಗೆ ತೊಂದರೆ ಆಗಬಾರದು ಅಂತ ನಮ್ಮ ಐದಕ್ಕೆ ಹೋದೆ."

ಮಾಸಾನಿಯ ಕೈ ಮಗ್ಗದ ಮೇಲೆ ನಿಂತಿತು. "ಅವನಿಗೂ ನಿನ್ನ ಹಾಗೇ ಪಾಪ ಅನ್ಸಿದ್ರೆ?"

ಶಾಂಡೀನ್ ಕಲ್ಲಾದಳು. ಅಯ್ಯೋ... ಅಯ್ಯೋ ದೇವರೇ!

ಗೋಡೆಯ ಗಡಿಯಾರ ಐದು ತೋರಿಸುತ್ತಿತ್ತು. ಇಲ್ಲವೆಂದು ತಿಳಿದಿದ್ದ ಆ ಒಂದು ಗಂಟೆ ಮಾತ್ರ ಉಳಿದಿತ್ತು.

ಹಳೆಯ ಪಿಕಪ್ ಧೂಳೆಬ್ಬಿಸಿ ಓಡಿತು. ಮೊಯೆನ್‌ಕೋಪಿಯ ಕೆಳಗೆ, ಮಾವನ ಹೊಲದಲ್ಲಿ ಡಾರೆಲ್ ತೆನೆ ಮುರಿಯುತ್ತಿದ್ದ. ಅವಳನ್ನು ಕಂಡು ಮುಖ ತಿರುಗಿಸಿದ.

"ನಿನ್ನೆ ಎಷ್ಟೊತ್ತಿಗೆ ಬಂದೆ? ಹೇಳು!"

"ನಿನ್ನ ನಾಲ್ಕಕ್ಕೆ. ಮುಕ್ಕಾಲು ಗಂಟೆ ಕಾದು ಎದ್ದೆ. ನರ್ಸಮ್ಮ ಆಗೋಳಿಗೆ ಬಸ್ಸು ಓಡಿಸೋನು ಯಾಕೆ ಅಂತ..."

"ನಾನು ನಿನ್ನ ನಾಲ್ಕಕ್ಕೆ ಬಂದಿದ್ದೆ ಕಣೋ!"

ಅವನ ಕೈಯಿಂದ ತೆನೆ ಜಾರಿತು. "ನನ್ನ ಗಂಟೆಗೆ ಯಾಕೆ ಬಂದೆ?"

"ನೀನು ಯಾಕೆ ನನ್ನ ಗಂಟೆಗೆ ಬಂದೆ?"

ಅವನು ತಲೆ ತಗ್ಗಿಸಿದ. "ನಿನ್ನನ್ನ ಒಂದು ನಿಮಿಷವೂ ಕಾಯಿಸಬಾರದು ಅನ್ನಿಸ್ತು. ಇಷ್ಟ ಕಣೇ ನೀನು... ಮೊದಲ ದಿನ ಏಳ್ರೀ ಅಂತ ಗದರಿದಾಗಿಂದ."

ಅವಳ ಕಣ್ಣು ತುಂಬಿತು. "ಕಳಿಸಿದೆಯಾ?"

"ಜೊತೆಯಲ್ಲಿ ಅಂದಿದ್ವಲ್ಲ..."

"ಹತ್ತು ಗಾಡೀನ!"

ದಾರಿಯುದ್ದಕ್ಕೂ ಅವನು ಅವಳ ಪ್ರಬಂಧ ಓದಿದ. ತಿದ್ದಲು ಏನೂ ಸಿಗಲಿಲ್ಲ. ಗ್ರಂಥಾಲಯ ತಲುಪಿದಾಗ ಅಲ್ಲಿನ ಅಜ್ಜಿ ದೀಪ ಆರಿಸಲು ಎದ್ದು ನಿಂತಿದ್ದಳು. ಅವನದು ಹೋಯಿತು. ಅವಳದು... ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು... ಶಾಂಡೀನ್ ಕಣ್ಣು ಮುಚ್ಚಿ ಮಾಸಾನಿಯ ಪ್ರಾರ್ಥನೆ ನೆನೆದಳು. ಮೇಜಿನ ಮೇಲಿದ್ದ ಅವಳ ಕೈಯನ್ನು ಅವನ ಕೈ ಹಿಡಿಯಿತು.

'ನಿಮ್ಮ ಅರ್ಜಿ ತಲುಪಿದೆ.'

ಹೊರಗೆ ಸಂಜೆಯ ಬಿಸಿಲು ಕೆಂಪು ಬಂಡೆಗಳ ಮೇಲೆ ಹರಡಿತ್ತು.

"ನಾಳೆ ನಮ್ಮನೇಲಿ ಕುರಿ ಸಾರು. ಬರ್ತೀಯಾ?"

"ಯಾರ ಗಂಟೆಗೆ?"

ಶಾಂಡೀನ್ ಪಡುವಣಕ್ಕೆ ಕೈ ತೋರಿದಳು. "ಸೂರ್ಯ ಆ ಬಂಡೆಯ ನೆತ್ತಿ ಮುಟ್ಟಿದಾಗ."

"ಅದಾದ್ರೆ ಇಬ್ರಿಗೂ ಒಂದೇ. ನಾನು ಸ್ವಲ್ಪ ಮುಂಚೆನೇ ಬಂದುಬಿಡ್ತೀನಿ."

"ಬೇಡಪ್ಪಾ, ನಿನ್ನ ದಮ್ಮಯ್ಯ!" ಅವಳು ನಕ್ಕು ಅವನ ಭುಜಕ್ಕೆ ಹಣೆ ಆನಿಸಿದಳು. "ಹೇಳಿದ ಹೊತ್ತಿಗೇ ಬಾ."